ಓದುಗರ ಪ್ರಶ್ನೆ: ಲಾಗಿನ್ ಆಗುತ್ತದೆ, ಪುಟ ತೆರೆಯುವುದಿಲ್ಲ

ಪ್ರಶ್ನೆ: ಮಾನ್ಯರೇ, ನಾನು ಹೆಬ್ರಿಯ ಸುತ್ತಮುತ್ತ ಸಣ್ಣ ಪ್ರಮಾಣದಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕ ಕೊಡುತ್ತಿದ್ದೇನೆ. ಗ್ರಾಹಕರ ಲಾಗಿನ್ ನೋಡಿಕೊಳ್ಳುವ ಪಿಪಿಪಿಒಇ ಸರ್ವರ್ ಉಡುಪಿಯಲ್ಲಿದೆ. ಬಾಡಿಗೆ ಲೈನಿನ ಮೇಲೆ ಇಒಐಪಿ ಟನಲ್ (ಈಥರ್ನೆಟ್ ಫ್ರೇಮುಗಳನ್ನು ಐಪಿ ಪ್ಯಾಕೆಟ್ಟಿನೊಳಗೆ ಸುತ್ತಿ ಸಾಗಿಸುವ ದಾರಿ) ಹಾಕಿ ಎರಡೂ ಊರುಗಳನ್ನು ಬ್ರಿಡ್ಜ್ ಮಾಡಿದ್ದೇನೆ, ಅಂದರೆ ಒಂದೇ ನೆಟ್‌ವರ್ಕಿನಂತೆ ಜೋಡಿಸಿದ್ದೇನೆ. ಲಾಗಿನ್ ಆಗುತ್ತದೆ, ಸಂಪರ್ಕ ಪರೀಕ್ಷಿಸುವ ಪಿಂಗ್ ಸಂದೇಶಕ್ಕೆ ಉತ್ತರವೂ ಬರುತ್ತದೆ; ಆದರೆ ಕೆಲವು ಬ್ಯಾಂಕುಗಳ ಪುಟಗಳು ಅರ್ಧದಲ್ಲೇ ನಿಲ್ಲುತ್ತವೆ. ರೌಟರ್ ಬದಲಿಸಿಯೂ ನೋಡಿದೆ. ಏನು ಮಾಡಲಿ?
— ಒಬ್ಬ ಓದುಗರು, ಹೆಬ್ರಿ

ಉತ್ತರ: ನಿಮ್ಮ ರೌಟರಿನಲ್ಲಿ ದೋಷವಿರುವಂತೆ ಕಾಣುವುದಿಲ್ಲ, ತೊಂದರೆ ಇರುವುದು ಪ್ಯಾಕೆಟ್ಟಿನ, ಅಂದರೆ ಒಂದು ಸಲಕ್ಕೆ ಸಾಗುವ ಮಾಹಿತಿಯ ತುಂಡಿನ, ಗಾತ್ರದಲ್ಲಿ. ಸಾಮಾನ್ಯ ಈಥರ್ನೆಟ್ ಲೈನು ಒಂದು ಸಲಕ್ಕೆ 1500 ಬೈಟ್ ಒಯ್ಯುತ್ತದೆ. ಇಒಐಪಿ ಟನಲ್ ತನ್ನ ಹೊದಿಕೆಗೆಂದೇ ಅದರಲ್ಲಿ 42 ಬೈಟ್ ತೆಗೆದುಕೊಳ್ಳುವುದರಿಂದ ಒಳಗೆ 1458 ಉಳಿಯುತ್ತದೆ. ಪಿಪಿಪಿಒಇಯ 8 ಬೈಟ್ ಕಳೆದರೆ ಗ್ರಾಹಕರಿಗೆ ದಕ್ಕುವುದು 1450 ಮಾತ್ರ. ಆದರೆ ಲಾಗಿನ್ ಆಗುವಾಗ ಗ್ರಾಹಕರ ರೌಟರೂ ಉಡುಪಿಯ ಸರ್ವರೂ ತಮ್ಮಿಬ್ಬರ ನಡುವೆ ಟನಲ್ ಇದೆಯೆಂಬುದನ್ನು ಅರಿಯದೆ, ಪಿಪಿಪಿಒಇಯಲ್ಲಿ ರೂಢಿಯಾಗಿರುವ 1492ಕ್ಕೇ ಒಪ್ಪಿಕೊಂಡಿರುತ್ತವೆ. ದಾರಿಯಲ್ಲಿ ರೌಟರ್ ಇದ್ದಿದ್ದರೆ ‘ಇದು ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸಿ’ ಎಂದು ಕಳಿಸಿದವರಿಗೆ ತಿಳಿಸುತ್ತಿತ್ತು. ಬ್ರಿಡ್ಜ್‌ಗೆ ಆ ಮಾತು ಆಡಲು ಬರುವುದಿಲ್ಲ. ಹಿಡಿಸದ ಫ್ರೇಮನ್ನು (ಈಥರ್ನೆಟ್ ಹೊದಿಕೆಯೊಳಗಿನ ಪ್ಯಾಕೆಟ್ಟನ್ನು) ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಲಾಗಿನ್ ಮತ್ತು ಪಿಂಗ್ ಚಿಕ್ಕ ಪ್ಯಾಕೆಟ್ಟುಗಳಾದ್ದರಿಂದ ದಾಟುತ್ತವೆ, ಬ್ಯಾಂಕಿನ ಪುಟ ಹೊತ್ತು ತರುವ ದೊಡ್ಡ ಪ್ಯಾಕೆಟ್ಟುಗಳು ದಾಟುವುದಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಗ್ರಾಹಕರೊಬ್ಬರ ಮನೆಯ ಕಂಪ್ಯೂಟರಿನಿಂದ, ಪ್ಯಾಕೆಟ್ಟನ್ನು ಒಡೆಯಬಾರದೆಂಬ ಸೂಚನೆಯೊಂದಿಗೆ ಉಡುಪಿಯ ಸರ್ವರಿಗೆ 1422 ಬೈಟಿನ ಪಿಂಗ್ ಕಳಿಸಿ. ಅದರ ತಲೆಬರಹದ 28 ಬೈಟ್ ಸೇರಿದರೆ 1450 ಆಗುತ್ತದೆ. ಇದಕ್ಕೆ ಉತ್ತರ ಬಂದು, 1423ಕ್ಕೆ ಯಾವ ದೋಷಸಂದೇಶವೂ ಇಲ್ಲದೆ ಕೇವಲ ಟೈಮ್‌ಔಟ್ ಬಂದರೆ ಕಾರಣ ಇದೇ ಎಂದು ತಿಳಿಯಿರಿ.

ಪರಿಹಾರವಾಗಿ ಸರ್ವರಿನಲ್ಲಿ ಎಂಟಿಯು (ಕಳಿಸಬಹುದಾದ ಗರಿಷ್ಠ ಗಾತ್ರ), ಎಂಆರ್‌ಯು (ಸ್ವೀಕರಿಸಬಹುದಾದ ಗರಿಷ್ಠ ಗಾತ್ರ) ಎರಡನ್ನೂ 1450ಕ್ಕೆ ಇಳಿಸಿ, ಟಿಸಿಪಿ ಎಂಬ ಸಾಗಣೆ ವಿಧಾನದ ಎಂಎಸ್ಎಸ್ (ತಲೆಬರಹ ಬಿಟ್ಟು ಒಂದು ಪ್ಯಾಕೆಟ್ಟಿನಲ್ಲಿ ಇಡುವ ಮಾಹಿತಿಯ ಮಿತಿ) 1410 ಮೀರದಂತೆ ನೋಡಿಕೊಳ್ಳಿ. ಎಂಎಸ್ಎಸ್ ಒಂದನ್ನೇ ಸರಿಪಡಿಸಿ ಕೈತೊಳೆದುಕೊಳ್ಳುವವರನ್ನು ಕಂಡಿದ್ದೇನೆ. ಇನ್ನೊಂದು ಸಾಗಣೆ ವಿಧಾನವಾದ ಯುಡಿಪಿಗೆ ಅದರಿಂದ ಪ್ರಯೋಜನವಿಲ್ಲದ ಕಾರಣ, ಮನೆಯಿಂದ ಕೆಲಸ ಮಾಡುವವರು ಕಚೇರಿಯ ಸಂಪರ್ಕಕ್ಕೆ ಬಳಸುವ, ಯುಡಿಪಿಯ ಮೇಲೆ ಸಾಗುವ ವಿಪಿಎನ್ ಮತ್ತೆ ಕೈಕೊಡಬಹುದು. ಲೈನು ಕೊಟ್ಟವರು 1600 ಬೈಟಿನವರೆಗೆ ಒಯ್ಯಲು ಒಪ್ಪಿದರೆ ಇನ್ನೂ ಒಳ್ಳೆಯದು, ಆಗ 1492 ಹಾಗೆಯೇ ಉಳಿಯುತ್ತದೆ.

ಇನ್ನೊಂದು ಮಾತು. ಎರಡು ಊರುಗಳನ್ನು ಒಂದೇ ಬ್ರಿಡ್ಜ್‌ನಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದಾಗ ತಾತ್ಕಾಲಿಕ ಲೈನ್ ಎಳೆಯುತ್ತೀರಿ. ದುರಸ್ತಿಯಾದ ಹಳೆಯ ಕೇಬಲನ್ನೂ ಅವಸರದಲ್ಲಿ ಅದೇ ಸ್ವಿಚ್ಚಿಗೆ ಚುಚ್ಚಿದರೆ ಲೂಪ್ ಆಗಿ, ಅಂದರೆ ಫ್ರೇಮುಗಳು ಕೊನೆಯಿಲ್ಲದೆ ಸುತ್ತತೊಡಗಿ, ಹೆಬ್ರಿಯ ಜೊತೆಗೆ ಉಡುಪಿಯ ಗ್ರಾಹಕರೂ ಕತ್ತಲಲ್ಲಿ ಉಳಿಯುತ್ತಾರೆ. ಪಿಪಿಪಿಒಇ ಸರ್ವರನ್ನು ಹೆಬ್ರಿಯಲ್ಲೇ ಇಟ್ಟು, ಅಲ್ಲಿಂದ ಉಡುಪಿಗೆ ರೌಟಿಂಗ್ ಮೂಲಕ ಸಾಗಿಸಿದರೆ ಈ ಭಯವೂ ಇಲ್ಲ, 42 ಬೈಟಿನ ನಷ್ಟವೂ ಇಲ್ಲ. ಅಲ್ಲಿಯವರೆಗೆ ಲೂಪ್ ತಡೆಯುವ ಎಸ್‌ಟಿಪಿ ಚಾಲೂ ಇರಲಿ, ಗ್ರಾಹಕರ ಪೋರ್ಟುಗಳು ಒಂದನ್ನೊಂದು ಕಾಣದಂತೆ ಪ್ರತ್ಯೇಕಿಸಿಡಿ.

ಹೊಸ ಗಾತ್ರಕ್ಕೆ ಒಪ್ಪಿಗೆಯಾಗುವುದು ಲಾಗಿನ್ ಹೊತ್ತಿನಲ್ಲೇ ಆದ್ದರಿಂದ, ಬದಲಾವಣೆ ಮಾಡಿದ ಮೇಲೆ ಎಲ್ಲ ಗ್ರಾಹಕರ ಸಂಪರ್ಕವನ್ನು ಒಮ್ಮೆ ಕಡಿದು ಮತ್ತೆ ಜೋಡಿಸಬೇಕಾಗುತ್ತದೆ. ಇದನ್ನು ಬೆಳಗಿನ ಜಾವದಲ್ಲಿ ಮಾಡಿ.