ಹಸಿರು ಪುಡಿ ಬಂದರೆ ಸಂಕೀರ್ಣ ಸಿದ್ಧವಾದಂತೆಯೇ?

ಪ್ರಶ್ನೆ: ಸ್ಯಾಲಿಸಿಲಾಲ್ಡಿಹೈಡ್ ಮತ್ತು ಎಥಿಲೀನ್‌ಡೈಅಮೀನ್‌ಗಳಿಂದ ತಯಾರಿಸಿದ ಹಳದಿ ಲಿಗ್ಯಾಂಡನ್ನು (ಲೋಹಕ್ಕೆ ಬಂಧಿಸುವ ಅಣುವನ್ನು) ಬಿಸಿ ಎಥನಾಲ್‌ನಲ್ಲಿ ಕರಗಿಸಿ ತಾಮ್ರದ ಅಸಿಟೇಟ್ ಬೆರೆಸಿದಾಗ ಕಡು ಹಸಿರು ಪುಡಿ ದೊರೆಯಿತು. ಸಂಕೀರ್ಣ (ಲೋಹಕ್ಕೆ ಲಿಗ್ಯಾಂಡ್ ಬಂಧಿಸಿದ ಸಂಯುಕ್ತ) ಉಂಟಾಗಿದೆ ಎನ್ನಲು ಈ ಬಣ್ಣ ಸಾಕೇ? ಅದರ ಎನ್‌ಎಂಆರ್ (ನ್ಯೂಕ್ಲಿಯಸ್ಸುಗಳ ಕಾಂತೀಯ ಅನುರಣನ) ರೋಹಿತದಲ್ಲಿ ಶಿಖರಗಳು ಸರಿಯಾಗಿ ಮೂಡುತ್ತಿಲ್ಲವೇಕೆ?
– ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ

ಉತ್ತರ: ಬಣ್ಣವೊಂದೇ ಸಾಲದು. ನೀವು ಬೆರೆಸಿದ ತಾಮ್ರದ ಅಸಿಟೇಟ್ ಕೂಡ ನೀಲಿ ಮಿಶ್ರಿತ ಹಸಿರು ಬಣ್ಣದ್ದೇ. ಆದ್ದರಿಂದ ಮೊದಲು ಪುಡಿಯನ್ನು ನೀರು ಮತ್ತು ತಣ್ಣನೆಯ ಎಥನಾಲ್‌ನಿಂದ ಚೆನ್ನಾಗಿ ತೊಳೆದು ಒಣಗಿಸಿ.

ಇಲ್ಲಿ ನಿಜವಾಗಿ ಸಾಬೀತಾಗಬೇಕಾದದ್ದು ಲಿಗ್ಯಾಂಡಿನ ಎರಡು ಫೀನಾಲ್ ಗುಂಪುಗಳು ತಮ್ಮ ಪ್ರೋಟಾನ್‌ಗಳನ್ನು ಕಳೆದುಕೊಂಡು ಆಕ್ಸಿಜನ್ ಮೂಲಕ ತಾಮ್ರಕ್ಕೆ ಬಂಧಿಸಿವೆಯೇ ಎಂಬುದು. ಆ ಪ್ರೋಟಾನ್‌ಗಳನ್ನು ಅಸಿಟೇಟ್ ಅಯಾನುಗಳೇ ಸ್ವೀಕರಿಸಿ ಅಸಿಟಿಕ್ ಆಮ್ಲವಾಗುವುದರಿಂದ ಈ ಲವಣ ಅನುಕೂಲಕರ. ತಾಮ್ರದ ಕ್ಲೋರೈಡ್ ಬಳಸಿದರೆ ಹೈಡ್ರೋಕ್ಲೋರಿಕ್ ಆಮ್ಲ ಉಂಟಾಗಿ ಲಿಗ್ಯಾಂಡಿನ ಇಮೀನ್ ಬಂಧವೇ (ಕಾರ್ಬನ್–ನೈಟ್ರೋಜನ್ ದ್ವಿಬಂಧವೇ) ಮುರಿಯುವ ಅಪಾಯವಿರುವುದರಿಂದ ಟ್ರೈಎಥಿಲ್‌ಅಮೀನ್‌ನಂತಹ ಪ್ರತ್ಯಾಮ್ಲವನ್ನು ಸೇರಿಸಬೇಕಾಗುತ್ತದೆ.

ಅವಗೆಂಪು ರೋಹಿತದಲ್ಲಿ ಲಿಗ್ಯಾಂಡಿನ ಇಮೀನ್ ಪಟ್ಟಿ (ಆ ಬಂಧ ಕಿರಣವನ್ನು ಹೀರುವ ಸ್ಥಾನ) ಸುಮಾರು 1635 ಸೆಂ.ಮೀ⁻¹ ಬಳಿ ಇರುತ್ತದೆ; ಸಂಕೀರ್ಣದಲ್ಲಿ ಅದು ಸಾಮಾನ್ಯವಾಗಿ ಕೆಳಕ್ಕೆ ಸರಿಯುತ್ತದೆ, ಫೀನಾಲಿನ ಕಾರ್ಬನ್–ಆಕ್ಸಿಜನ್ ಪಟ್ಟಿ ಸುಮಾರು 1280ರಿಂದ ಮೇಲಕ್ಕೇರುತ್ತದೆ. ಹೈಡ್ರಾಕ್ಸಿಲ್ ಪಟ್ಟಿ ಮಾಯವಾಯಿತೆಂದು ಹಲವರು ಪ್ರಬಂಧಗಳಲ್ಲಿ ಉತ್ಸಾಹದಿಂದ ಬರೆಯುವುದುಂಟು. ಆದರೆ ಲಿಗ್ಯಾಂಡಿನಲ್ಲೇ ಆ ಗುಂಪು ಇಮೀನ್ ನೈಟ್ರೋಜನ್ನಿನೊಂದಿಗೆ ಹೈಡ್ರೋಜನ್ ಬಂಧದಲ್ಲಿದ್ದು, ಅದರ ಪಟ್ಟಿ ಹರಡಿಕೊಂಡು ಮಸುಕಾಗಿರುವುದರಿಂದ ನಾನು ಆ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ ಕೊಡಲಾರೆ. ಉಳಿದ ಅಸಿಟೇಟ್ ಕೂಡ 1600ರ ಆಸುಪಾಸಿನಲ್ಲೇ ಪ್ರಬಲ ಪಟ್ಟಿ ತೋರುತ್ತದೆ ಎಂಬುದನ್ನೂ ಮರೆಯಬೇಡಿ.

ದ್ರವ್ಯರಾಶಿ ರೋಹಿತ ಹೆಚ್ಚು ನೇರವಾಗಿ ಮಾತನಾಡುತ್ತದೆ. ತಾಮ್ರದಲ್ಲಿ 63 ಮತ್ತು 65 ದ್ರವ್ಯರಾಶಿ ಸಂಖ್ಯೆಯ ಐಸೋಟೋಪುಗಳು ಸುಮಾರು 69 ಮತ್ತು 31 ಪ್ರತಿಶತ ಇರುವುದರಿಂದ, ಪ್ರೋಟಾನ್ ಸೇರಿದ ಸಂಕೀರ್ಣದ ಅಯಾನು 330 ಮತ್ತು 332ರಲ್ಲಿ, ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆ ಎತ್ತರದ ಜೋಡಿ ಶಿಖರವಾಗಿ ಕಾಣಬೇಕು. ಧಾತು ವಿಶ್ಲೇಷಣೆಯಲ್ಲಿ ಕಾರ್ಬನ್ 58.26, ಹೈಡ್ರೋಜನ್ 4.28, ನೈಟ್ರೋಜನ್ 8.49 ಪ್ರತಿಶತಕ್ಕೆ ಹತ್ತಿರವಿದ್ದರೆ ಪುಡಿ ಶುದ್ಧವಾಗಿದೆಯೆಂದು ನಂಬಬಹುದು.

ನಿಮ್ಮ ಎನ್‌ಎಂಆರ್ ತೊಂದರೆಗೆ ಕಾರಣ ಸರಳ. ಎರಡು ಧನಾವೇಶದ ತಾಮ್ರದಲ್ಲಿ ಒಂಬತ್ತು ಡಿ ಇಲೆಕ್ಟ್ರಾನುಗಳಿದ್ದು, ಜೋಡಿಯಾಗದೆ ಉಳಿದ ಒಂದು ಇಲೆಕ್ಟ್ರಾನು ಶಿಖರಗಳನ್ನು ವಿಪರೀತ ಅಗಲಗೊಳಿಸುತ್ತದೆ. ಅದೇ ಇಲೆಕ್ಟ್ರಾನಿನಿಂದಾಗಿ ಇಪಿಆರ್ (ಜೋಡಿಯಾಗದ ಇಲೆಕ್ಟ್ರಾನಿನ ಕಾಂತೀಯ ಅನುರಣನ) ರೋಹಿತ ದೊರೆಯುತ್ತದೆ. ತಾಮ್ರದ ನ್ಯೂಕ್ಲಿಯಸ್ಸಿನ ಸ್ಪಿನ್ 3/2 ಆಗಿರುವುದರಿಂದ ದ್ರಾವಣದಲ್ಲಿ ನಾಲ್ಕು ರೇಖೆಗಳು ಮೂಡುತ್ತವೆ.

ಸಾಧ್ಯವಾದರೆ ದ್ರಾವಣವನ್ನು ನಿಧಾನವಾಗಿ ಆವಿಯಾಗಿಸಿ ಹರಳು ಬೆಳೆಸಿ, ಎಕ್ಸ್-ಕಿರಣ ವಿಶ್ಲೇಷಣೆಗೆ ಕಳುಹಿಸಿ. ಈ ಸಂಕೀರ್ಣದ ಹರಳಿನಲ್ಲಿ ಎರಡು ಅಣುಗಳು ಜೋಡಿಯಾಗಿ, ಒಂದರ ಫೀನಾಲ್ ಆಕ್ಸಿಜನ್ ಇನ್ನೊಂದರ ತಾಮ್ರಕ್ಕೆ ಐದನೆಯ ಬಂಧ ನೀಡುವುದು ಕಂಡುಬಂದಿದೆ; ಮೇಲಿನ ಅವಗೆಂಪು ರೋಹಿತದಿಂದಾಗಲಿ ಧಾತು ವಿಶ್ಲೇಷಣೆಯಿಂದಾಗಲಿ ಇದು ತಿಳಿಯುವುದಿಲ್ಲ.