ಹಂಡೆ ದೊಡ್ಡದು, ಚೊಂಬು ಸಣ್ಣದು

ಪ್ರಶ್ನೆ: ಅಜ್ಜನ ಕೈಬರಹದ ತಾಳಮದ್ದಳೆ ಪುಸ್ತಕಾನ ವರ್ಡ್‌ನಲ್ಲಿ ಟೈಪ್ ಮಾಡಿಟ್ಟಿದೀನಿ. ಎಷ್ಟು ಅಕ್ಷರ ಇದೆ, ಪ್ರಿಂಟಲ್ಲಿ ಎಷ್ಟು ಉದ್ದ ಆಗುತ್ತೆ ಅಂತ ನೋಡೋಕೆ ಒಂದು ಮ್ಯಾಕ್ರೋ (ವರ್ಡ್ ಒಳಗೇ ಓಡೋ ಪುಟ್ಟ ಪ್ರೋಗ್ರಾಮ್) ಬರ್ದೆ. ಒಂದೆರಡು ಪ್ರಸಂಗಕ್ಕೆ ಸರಿ ಬಂತು, ಪೂರ್ತಿ ಪುಸ್ತಕಕ್ಕೆ ಓಡ್ಸಿದ್ರೆ ‘ರನ್‌ಟೈಮ್ ಎರರ್ 6, ಓವರ್‌ಫ್ಲೋ’ ಅಂತ ನಿಂತೋಗುತ್ತೆ. ಅಕ್ಷರ ಎಣಿಸೋ ವೇರಿಯಬಲ್‌ನ (ಲೆಕ್ಕದ ಸಂಖ್ಯೆ ಇಡೋ ಜಾಗ) ಇಂಟಿಜರ್‌ನಿಂದ ಲಾಂಗ್ ಮಾಡಿದ್ಮೇಲೆ ಆ ಸಾಲು ದಾಟ್ತು, ಆದ್ರೆ ಕೆಳಗೆ ಗುಣಾಕಾರದ ಸಾಲಲ್ಲಿ ಮತ್ತೆ ಅದೇ ಎರರ್. ಅಲ್ಲೂ ಉತ್ತರ ಹೋಗ್ತಿರೋದು ಲಾಂಗಿಗೇ. ಎಂತ ಮಾಡದು?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅರ್ಧ ದಾರಿ ನೀವೇ ಬಂದಿದೀರಿ ಮಾರಾಯ್ರೆ. ವರ್ಡ್, ಎಕ್ಸೆಲ್ ಮ್ಯಾಕ್ರೋದಲ್ಲಿ ಇಂಟಿಜರ್ ಅಂದ್ರೆ 16 ಬಿಟ್, 32,767ರ ತನಕ ಹಿಡಿಯುತ್ತೆ, ಒಂದು ಜಾಸ್ತಿ ಆದ್ರೂ ಚೆಲ್ತು. ಲಾಂಗ್ 214 ಕೋಟಿ ದಾಟಿದ್ರೂ ತಡ್ಕೊಳ್ಳುತ್ತೆ. ಮೊದಲನೇ ಎರರ್ ಕಥೆ ಅಷ್ಟೇ.

ಎರಡನೇದೇ ತಲೆ ತಿನ್ನೋದು. ನಿಮ್ಮಲ್ಲಿ 1,900 ಸಾಲಿದೆ, ಒಂದೊಂದು ಸಾಲಿಗೆ 18 ಪಾಯಿಂಟ್ (ಅಚ್ಚಿನ ಅಳತೆ) ಅಂತ ಇಟ್ಕೊಳ್ಳಿ, ಗುಣಿಸಿದ್ರೆ 34,200. ಗುಣಿಸೋ ಎರಡೂ ಸಂಖ್ಯೆ ಇಂಟಿಜರ್ ಆದ್ರೆ ಮ್ಯಾಕ್ರೋ ಇಂಟಿಜರ್ ಜಾಗದಲ್ಲೇ ಗುಣಿಸುತ್ತೆ, ಉತ್ತರ ಎಲ್ಲಿಗೆ ಹೋಗ್ಬೇಕು ಅಂತ ಆಮೇಲೆ ನೋಡೋದು. ಎರಡು ಚೊಂಬು ನೀರನ್ನ ಮೊದ್ಲು ಒಂದೇ ಚೊಂಬಿಗೆ ಸೇರಿಸಿ ಆಮೇಲೆ ಹಂಡೆಗೆ ಹೊಯ್ತೀನಿ ಅಂದ್ರೆ ಬಚ್ಚಲಲ್ಲಿ ಎಷ್ಟು ದೊಡ್ಡ ಹಂಡೆ ಇದ್ದು ಏನು ಬಂತು, ನೀರು ದಾರೀಲೇ ಹೋಯ್ತಲ್ಲ!

ಹಂಗಾಗಿ ಗುಣಿಸೋಕ್ ಮುಂಚೆನೇ ಒಂದನ್ನ ಲಾಂಗ್ ಮಾಡ್ಬೇಕು. 18 ಅನ್ನೋ ಕಡೆ 18& ಅಂತ ಬರೀರಿ, ಸಾಕು. ವೇರಿಯಬಲ್ ಆಗಿದ್ರೆ ಅದನ್ನ ಸಿಎಲ್‌ಎನ್‌ಜಿ (CLng, ಸಂಖ್ಯೇನ ಲಾಂಗ್ ಮಾಡೋದು) ಫಂಕ್ಷನ್ ಒಳಗೆ ಹಾಕಿ. ಆದ್ರೆ ಪೂರ್ತಿ ಗುಣಾಕಾರಾನ ಅದ್ರೊಳಗೆ ಹಾಕ್ಬೇಡಿ, ಅಷ್ಟೊತ್ತಿಗೆ ಚೆಲ್ಲಿ ಆಗಿರುತ್ತೆ. (ನಾನೂ ಒಂದಿಡೀ ಸಂಜೆ ಇದ್ರಲ್ಲೇ ಕಳ್ದಿದೀನಿ, ಹೊರಗಡೆ ಮಳೆ, ಕರೆಂಟ್ ಬೇರೆ ಹೋಗಿ ಬಂದು.) ಲೂಪ್‌ನಲ್ಲಿ ಅಕ್ಷರ ಎಣಿಸೋ ‘ಐ’ ಕೂಡ ಲಾಂಗೇ ಇರ್ಲಿ. ಡಾಟ್ ನೆಟ್ (ಮೈಕ್ರೋಸಾಫ್ಟ್‌ನದೇ ಬೇರೆ ಪ್ರೋಗ್ರಾಮಿಂಗ್ ವ್ಯವಸ್ಥೆ) ಉದಾಹರಣೆ ನೋಡಿ ಕಾಪಿ ಹೊಡೀಬೇಡಿ, ಅಲ್ಲಿ ಇಂಟಿಜರ್ ಅಂದ್ರೇನೇ 32 ಬಿಟ್, ಅಲ್ಲಿ ನಡೆದದ್ದು ಇಲ್ಲಿ ನಡೆಯಲ್ಲ.

‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ (ಎರರ್ ಬಂದ್ರೂ ಮುಂದಿನ ಸಾಲಿಗೆ ಹೋಗು ಅನ್ನೋದು) ಹಾಕಿ ಅಂತ ಯಾರಾದ್ರೂ ಹೇಳ್ತಾರೆ, ಕೇಳ್ಬೇಡಿ. ಎರರ್ ಕಾಣಲ್ಲ ಹೌದು, ಆದ್ರೆ ವೇರಿಯಬಲ್‌ನಲ್ಲಿ ಹಳೇ ಸಂಖ್ಯೆನೇ ಉಳ್ಕೊಂಡು ತಪ್ಪು ಲೆಕ್ಕ ಮುಂದಕ್ಕೆ ಹೋಗ್ತಿರುತ್ತೆ.

ಇನ್ನೊಂದು, ಕನ್ನಡ ಈ 32,767ನ್ನ ನೀವಂದ್ಕೊಂಡಿದ್ದಕ್ಕಿಂತ ಬೇಗ ಮುಟ್ಟುತ್ತೆ. ನಿಮ್ಮೂರಿನ ಹೆಸರೇ ನೋಡಿ, ‘ತೀರ್ಥಹಳ್ಳಿ’ ನಮಗೆ 4 ಅಕ್ಷರ, ಯೂನಿಕೋಡ್‌ನಲ್ಲಿ ‘ಲೆನ್’ (ಉದ್ದ ಎಣಿಸೋ ಫಂಕ್ಷನ್) ಎಣಿಸಿದ್ರೆ 10, ದೀರ್ಘ, ಅರ್ಧಾಕ್ಷರದ ಗುರುತು, ಗುಡಿಸು ಎಲ್ಲಾ ಬೇರೆಬೇರೆ ಲೆಕ್ಕ. ಡಿಟಿಪಿಯವ್ರ ಹತ್ರ ಅಕ್ಷರಕ್ಕಿಷ್ಟು ಅಂತ ರೇಟ್ ಮಾತಾಡೋ ಮುಂಚೆ ಅವ್ರು ಯಾವ್ದನ್ನ ಅಕ್ಷರ ಅಂತಾರೆ ಅಂತ ಒಂದ್ಸಲ ಕೇಳ್ಕೊಳ್ಳಿ.