ಕಫ ಅಲ್ಲ, ಕಫ್: ಉಸಿರಿನ ಟ್ಯೂಬ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ತಂದೆ ಐಸಿಯುನಲ್ಲಿದ್ದಾರೆ, ಬಾಯಿಯ ಮೂಲಕ ಟ್ಯೂಬ್ ಹಾಕಿದ್ದಾರೆ. ಪಾಳಿ ಬದಲಾದಾಗಲೆಲ್ಲ ನರ್ಸ್‌ಗಳು ‘22ರಲ್ಲಿದೆ, ಕಫ್ 25’ ಎಂದು ಬರೆದುಕೊಳ್ಳುತ್ತಾರೆ. ಎದೆಯಲ್ಲಿ ಅಷ್ಟೊಂದು ಕಫ ಇದೆಯೇ?
— ಓದುಗರು, ಸುರತ್ಕಲ್

ಉತ್ತರ: ಕಫ ಅಲ್ಲ, ಕಫ್. ಐಸಿಯು ಬಾಗಿಲಲ್ಲಿ ಕಾಯುವವರಿಗೆ ಈ ಗೊಂದಲ ಆಗುತ್ತಲೇ ಇರುತ್ತದೆ. ಟ್ಯೂಬಿನ ಕೆಳತುದಿಯ ಬಳಿ ಸುತ್ತಲೂ ಒಂದು ಪುಟ್ಟ ಬಲೂನು ಇರುತ್ತದೆ, ಅದೇ ಕಫ್. ಗಾಳಿ ತುಂಬಿದರೆ ಶ್ವಾಸನಾಳದ ಗೋಡೆಗೆ ಅಂಟಿ ಕೂರುತ್ತದೆ. ವೆಂಟಿಲೇಟರ್ ದೂಡುವ ಗಾಳಿ ಮೇಲಕ್ಕೆ ಸೋರುವುದಿಲ್ಲ, ಗಂಟಲಲ್ಲಿ ನಿಂತ ಜೊಲ್ಲು ಸಲೀಸಾಗಿ ಕೆಳಗಿಳಿಯುವುದಿಲ್ಲ. 25 ಎಂದರೆ ಅದರೊಳಗಿನ ಒತ್ತಡ, ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ. ಇದು 20ರಿಂದ 30ರ ಒಳಗಿರಬೇಕು. ಕಡಿಮೆಯಾದರೆ ಜೊಲ್ಲು ಜಾರಿ ನ್ಯುಮೋನಿಯಾ ಆಗಬಹುದು. ಹೆಚ್ಚಾದರೆ ನಾಳದ ಒಳಪೊರೆಗೆ ರಕ್ತ ಸಾಲದೆ ಹುಣ್ಣಾಗುತ್ತದೆ, ಆ ಹುಣ್ಣು ಮಾಯುವಾಗ ನಾಳವೇ ಕಿರಿದಾಗಬಹುದು. ಕಫ್‌ಗೆ ಸೇರಿಕೊಂಡು ಹೊರಗೆ ನೇತಾಡುವ ಗುಬ್ಬಿಮೊಟ್ಟೆಯಂಥ ಇನ್ನೊಂದು ಬಲೂನನ್ನು ಹಿಸುಕಿ ‘ಸರಿ ಇದೆ’ ಎನ್ನುವ ರೂಢಿ ಇನ್ನೂ ಹೋಗಿಲ್ಲ. ಬೆರಳಿಗೆ 25 ಯಾವುದು, 50 ಯಾವುದು ಗೊತ್ತಾಗದು. ಮೀಟರ್ ಹಚ್ಚಿಯೇ ನೋಡಬೇಕು.

22 ಎಂಬುದು ಟ್ಯೂಬಿನ ಮೇಲೆ ಅಚ್ಚಾದ ಸೆಂಟಿಮೀಟರ್ ಗುರುತು. ಹಲ್ಲಿನ ಬಳಿ ಯಾವ ಅಂಕಿ ನಿಂತಿದೆ ಎಂಬ ಲೆಕ್ಕ. ಸಾಮಾನ್ಯವಾಗಿ ಹೆಂಗಸರಿಗೆ 21, ಗಂಡಸರಿಗೆ 23ರ ಆಸುಪಾಸು. ಎತ್ತರ ನೋಡಿ ಒಂದೆರಡು ಆಚೀಚೆ. ಟ್ಯೂಬಿನ ತುದಿ ಶ್ವಾಸನಾಳ ಕವಲೊಡೆಯುವಲ್ಲಿಂದ 3–5 ಸೆಂ.ಮೀ. ಮೇಲಿರಬೇಕು. ಎಕ್ಸ್‌ರೇ ತೆಗೆದು ಇದನ್ನು ಖಾತ್ರಿ ಮಾಡಿಕೊಂಡಿರುತ್ತಾರೆ. ಒಳಕ್ಕೆ ಜಾರಿದರೆ ಹೆಚ್ಚಾಗಿ ಬಲಕವಲಿಗೇ ಹೋಗುತ್ತದೆ, ಏಕೆಂದರೆ ಅದು ಅಗಲ, ಇಳಿಜಾರೂ ನೇರ. ಆಗ ಎಡ ಶ್ವಾಸಕೋಶಕ್ಕೆ ಗಾಳಿ ಸಿಗದೆ ಮುದುಡುತ್ತದೆ.

ಜಾರುವುದಕ್ಕೆ ದೊಡ್ಡ ಕಾರಣವೇನೂ ಬೇಡ. ಗದ್ದ ಎದೆಗೆ ಬಾಗಿದರೆ ತುದಿ 2 ಸೆಂ.ಮೀ.ವರೆಗೆ ಒಳಕ್ಕೆ ಇಳಿಯುತ್ತದೆ, ತಲೆ ಹಿಂದಕ್ಕೆ ಚಾಚಿದರೆ ಅಷ್ಟೇ ಮೇಲೆ ಬರುತ್ತದೆ. ಜೊಲ್ಲು, ಗಡ್ಡ, ನಮ್ಮ ಕರಾವಳಿಯ ಬೆವರು ಸೇರಿದರೆ ಪ್ಲಾಸ್ಟರ್ ಏಳುತ್ತದೆ. ಗಡ್ಡ ಬೋಳಿಸಲು ಅನುಮತಿ ಕೇಳಿದರೆ ಬೇಸರಿಸಬೇಡಿ. ಅತಿ ಹೆಚ್ಚು ಎಚ್ಚರ ಬೇಕಿರುವುದು ರೋಗಿಯನ್ನು ಸಾಗಿಸುವಾಗ. ಕುಂದಾಪುರದಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 90 ಕಿ.ಮೀ. ಇದೆ, ಆದರೆ ಟ್ಯೂಬ್ ಜಾರುವುದು ರಸ್ತೆಯಲ್ಲಿ ಎನ್ನುವುದಕ್ಕಿಂತ ಮಂಚದಿಂದ ಸ್ಟ್ರೆಚರಿಗೆ ಎತ್ತುವ ಅರೆನಿಮಿಷದಲ್ಲಿ. ಎತ್ತುವ ಮೊದಲು, ಎತ್ತಿದ ಮೇಲೆ ಅಂಕಿ ಎಷ್ಟಿದೆ ಎಂದು ಮನೆಯವರೂ ಕೇಳಬಹುದು. ಅದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ಟ್ಯೂಬ್ ತೆಗೆದ ದಿನ ಅಮ್ಮ ಬೊಂಡ ಕೇಳಿದರು. ಒಂದು ಗುಟುಕೂ ಕೊಡಬಾರದು ಎಂದರು. ಎಳನೀರಿಗೂ ಪಥ್ಯವೇ?
— ಓದುಗರು, ಉಡುಪಿ

ಉತ್ತರ: ಇಲ್ಲಿ ತೊಂದರೆ ಇರುವುದು ಎಳನೀರು ತೆಳ್ಳಗಿರುವುದರಿಂದ. ದಿನಗಟ್ಟಲೆ ಟ್ಯೂಬ್ ಇದ್ದ ಗಂಟಲು ಜಡವಾಗಿರುತ್ತದೆ. ಅದು ಮುಚ್ಚಿಕೊಳ್ಳುವ ಮೊದಲೇ ನೀರು ಶ್ವಾಸನಾಳಕ್ಕೆ ಇಳಿದಿರುತ್ತದೆ, ಕೆಲವರಿಗೆ ಕೆಮ್ಮೂ ಬರುವುದಿಲ್ಲ. ನುಂಗುವ ಪರೀಕ್ಷೆ ಆದ ಮೇಲೆ, ನೆಟ್ಟಗೆ ಕೂರಿಸಿ, ಚಮಚದಲ್ಲಿ ಕೊಡಿ. ಗಂಜಿತೆಳಿಗಿಂತ ದಪ್ಪ ರಾಗಿಮಣ್ಣಿ ಹೆಚ್ಚು ಸುರಕ್ಷಿತ. ಸ್ವರ ನಾಲ್ಕಾರು ದಿನ ಒಡೆದಿರುವುದು ಸಹಜ. ವಾರಗಟ್ಟಲೆ ಹಾಗೆಯೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಅಣ್ಣನಿಗೆ ಕುತ್ತಿಗೆಯಲ್ಲಿ ತೂತು ಮಾಡಿ ಶ್ವಾಸನಾಳಕ್ಕೆ ಇಳಿಸಿದ ಟ್ರೇಕಿಯಾಸ್ಟಮಿ ಟ್ಯೂಬ್ ಇದೆ, ಮನೆಗೆ ಕಳಿಸುತ್ತಿದ್ದಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ನಂಬುವ ಹಾಗಿಲ್ಲ.
— ಓದುಗರು, ಕಾರ್ಕಳ

ಉತ್ತರ: ಟ್ಯೂಬಿನೊಳಗಿನ ಕಫವನ್ನು ಹೀರಿ ತೆಗೆಯಲು, ಕರೆಂಟ್ ಬೇಡದ, ಕಾಲಲ್ಲಿ ತುಳಿಯುವ ಸಕ್ಷನ್ ಪಂಪ್ ಸಿಗುತ್ತದೆ, ಮನೆಗೆ ಕರೆತರುವ ಮೊದಲೇ ಕೊಂಡಿಡಿ. ಸಕ್ಷನ್ ನಳಿಗೆಯ ದಪ್ಪ ಟ್ಯೂಬಿನ ಒಳವ್ಯಾಸದ ಅರ್ಧ ಮೀರಬಾರದು: 8 ಮಿ.ಮೀ. ಟ್ಯೂಬಿಗೆ 12 ನಂಬರ್, ಅಂದರೆ 4 ಮಿ.ಮೀ. ದಪ್ಪದ್ದು. ಒಳಗೆ ಬಿಡುವಾಗ ಎಳೆತ ಬೇಡ, ಹೊರತೆಗೆಯುವಾಗ ಮಾತ್ರ. ಒಂದು ಸಲಕ್ಕೆ 10 ಸೆಕೆಂಡ್ ಸಾಕು. ನಳಿಗೆ ಒಳಗಿರುವಷ್ಟು ಹೊತ್ತು ನಿಮ್ಮ ಉಸಿರನ್ನೂ ಹಿಡಿದು ನೋಡಿ, ಗಡಿಯಾರ ಬೇಕಾಗುವುದಿಲ್ಲ.

ಒಳಕೊಳವೆ (ಹೊರಟ್ಯೂಬಿನೊಳಗೆ ಕೂರುವ, ಬೇಕಾದಾಗ ಎಳೆದು ತೆಗೆಯಬಹುದಾದ ಕೊಳವೆ) ಇರುವ ಟ್ಯೂಬನ್ನೇ ಕೇಳಿ, ಒಳಕೊಳವೆ ಎರಡಿರಲಿ. ಒಂದು ಒಣಗುವಾಗ ಇನ್ನೊಂದು ಕುತ್ತಿಗೆಯಲ್ಲಿರುತ್ತದೆ. ಲೋಹದ್ದಾದರೆ ಕುದಿಸಬಹುದು, ಪ್ಲಾಸ್ಟಿಕ್ ಆದರೆ ಕುದಿಸಿದರೆ ಸೊಟ್ಟಗಾಗುತ್ತದೆ. ಆಟಿ ತಿಂಗಳ ಮಳೆಯ ತೇವದಲ್ಲಿ ಡಬ್ಬಿಯಲ್ಲಿ ಹಸಿಯಾಗಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಊದಿನಕಡ್ಡಿ, ಸೊಳ್ಳೆಬತ್ತಿಯ ಹೊಗೆ ಅವರ ಕೋಣೆಗೆ ಬೇಡ. ಮೂಗಿನ ಸೋಸುವಿಕೆ ಅವರಿಗೆ ಇಲ್ಲ.

ಏಕಾಏಕಿ ಉಸಿರು ಕಟ್ಟಿ ಬೆವೆತರೆ ಮೊದಲು ಒಳಕೊಳವೆ ಎಳೆದು ತೆಗೆಯಿರಿ. ಎಷ್ಟೋ ಸಲ ಒಣಗಿದ ಕಫದ ಬಿರಡೆ ಅದರ ಜೊತೆಗೇ ಬರುತ್ತದೆ. ಸರಿಹೋಗದಿದ್ದರೆ ಸಕ್ಷನ್ ನಳಿಗೆ ಬಿಟ್ಟು ನೋಡಿ. ಅದೂ ಇಳಿಯದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಹೊರಟ್ಯೂಬನ್ನು ಯಾವಾಗ, ಹೇಗೆ ತೆಗೆಯಬೇಕು ಎಂಬುದನ್ನು ಡಿಸ್ಚಾರ್ಜ್ ಮುಂಚೆಯೇ ಆಸ್ಪತ್ರೆಯಲ್ಲಿ ಕೈಯಾರೆ ಮಾಡಿ ಕಲಿತುಬನ್ನಿ. ಇನ್ನೊಂದು ಮಾತು: ಕ್ಯಾನ್ಸರಿನಿಂದಾಗಿ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆದಿದ್ದರೆ ಬಾಯಿಗೂ ಶ್ವಾಸಕೋಶಕ್ಕೂ ದಾರಿಯೇ ಇರುವುದಿಲ್ಲ. ಅಂಥವರಿಗೆ ಆಮ್ಲಜನಕದ ಮಾಸ್ಕನ್ನು ಕುತ್ತಿಗೆಯ ತೂತಿಗೇ ಹಿಡಿಯಬೇಕು. ಇದನ್ನು ಆಂಬುಲೆನ್ಸಿನವರಿಗೆ ಬಾಗಿಲಲ್ಲೇ ಹೇಳಿ.